ಮಹಾವೀರಾಚಾರ್ಯ

ಬಳ್ಳಾರಿಯ ಸೀಮೆಯೂ ರಾಷ್ಟ್ರಕೂಟರಿಗೆ ಒಳಪಟ್ಟಿದ್ದ 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞನಿದ್ದನು. ಸುಮಾರು ಕ್ರಿ.ಶ. 850ರಲ್ಲಿ ಅವನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗ್ರಂಥದ ಮೊದಲಲ್ಲಿ ರಾಜನನ್ನು ಮನಸಾರೆ ಹೊಗಳಿದ ಈತನು ತನ್ನ ವಿಷಯದಲ್ಲಿ ಮಾತ್ರ ಮೌನ ತಾಳಿದನು. ಅವನನ್ನು ಅರಿಯಲು ಅವನ ಲೆಕ್ಕಗಳೇ ದಾರಿ.

ಭಿನ್ನರಾಶಿಗಳನ್ನು ಕೂಡಿಸುವವರು ಛೇದಗಳನ್ನೆಲ್ಲ ಗುಣಿಸಿ ದೊಡ್ಡ ಸಂಖ್ಯೆಗಳಲ್ಲಿ ತೊಳಲದಂತೆ ಅವನು ‘ನಿರುದ್ಧ’ವೆಂಬ ಉಪಾಯವನ್ನು ತಿಳಿಸಿದನು. ಛೇದಗಳು 6 ಮತ್ತು 8 ಆಗಿದ್ದರೆ ಅವುಗಳ ಸಾಮಾನ್ಯ ಅಪವರ್ತನ 2. ಅದರಿಂದ ಭಾಗಿಸಿದರೆ ಬರುವ ಭಾಗಲಬ್ಧಗಳು 3 ಮತ್ತು 4. ಈ ಮೂರರ ಗುಣಲಬ್ಧವಾದ 24 ಸಾಕು, 48 ಬೇಕಿಲ್ಲ. 5 ಮತ್ತು 7 ಆದರೋ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮನ್ನು ಬಿಟ್ಟರೆ ಅವುಗಳಿಗೆ ಬೇರೆ ಅಪವರ್ತನಗಳಿಲ್ಲ. ಅಲ್ಲಿ 35ಕ್ಕಿಂತ ಕಿರಿದಾದುದು ದೊರೆಯದು.

ಮುಂದೆ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅದು ಮದರಾಸಿನಲ್ಲಿ ಅಚ್ಚಾಯಿತು.