ಮೈಕೇಲ್ ಫ್ಯಾರಡೆಯೂ ತಿರುಗುವ ಮೇಜೂ

ಪ್ರೇತಾತ್ಮಕ್ಕೆ ದೇಹವಿಲ್ಲವೆಂದು ಎಲ್ಲರೂ ಹೇಳುತ್ತಾರೆ. ದೇಹವಿಲ್ಲದ್ದು ಮೇಜನ್ನೋ ಲೋಟವನ್ನೋ ಅಲುಗಿಸಬಲ್ಲುದೆ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದುದು ಕಳೆದ ವರ್ಷ. ಒಂದು ರಾತ್ರಿ ನಾವು ನಾಲ್ವರು ಗೆಳೆಯರು ಅಕ್ಷರಗಳನ್ನು ಬರೆದ ಹಲಗೆಯ ಮೇಲೆ ಲೋಟವನ್ನು ಬೋರಲಿಟ್ಟು, ಬೆರಳು ತಾಗಿಸಿ, ತೀರಿಕೊಂಡಿದ್ದ ನನ್ನ ಅಜ್ಜಿಯನ್ನು ಕರೆದೆವು. ಲೋಟ ಚಲಿಸಿತು, ಅಜ್ಜಿ ನನ್ನನ್ನು ಕೂಗುತ್ತಿದ್ದ ಮುದ್ದಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ತೋರಿಸಿತು. ಆ ಹೆಸರು ಉಳಿದ ಮೂವರಿಗೂ ತಿಳಿದಿರಲಿಲ್ಲ. ಯಾರೂ ತಳ್ಳಲಿಲ್ಲವೆಂದು ನಾಲ್ವರೂ ಆಣೆಯಿಟ್ಟೆವು. ಕೆಲವು ದಿನಗಳ ಮೇಲೆ ಗ್ರಂಥಾಲಯದಲ್ಲಿ ಮೈಕೇಲ್ ಫ್ಯಾರಡೆಯ ಜೀವನವನ್ನು ಓದಿದೆನು. ಅದನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿ ಬಡ ಕಮ್ಮಾರನ ಮಗನಾಗಿ ಜನಿಸಿದನು. ಓದು, ಬರಹ, ಲೆಕ್ಕಗಳನ್ನು ಮೀರಿದ ಶಾಲಾಶಿಕ್ಷಣ ಅವನಿಗೆ ದೊರೆಯಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನ ಅಂಗಡಿಗೆ ಸೇರಿ ಏಳು ವರ್ಷ ಅಲ್ಲಿಯೇ ದುಡಿದನು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಬಿಡುವಿನಲ್ಲಿ ಓದಿದನು. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಅವುಗಳ ಟಿಪ್ಪಣಿಗೆ ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ಅಲ್ಲಿಯೇ ಸಹಾಯಕನಾದನು. 1831ರಲ್ಲಿ ಕಾಂತದ ಚಲನೆಯಿಂದ ವಿದ್ಯುತ್ತನ್ನು ಪಡೆಯುವ ಬಗೆಯನ್ನು ಕಂಡುಹಿಡಿದನು. ನಮ್ಮ ಶರಾವತಿಯ ವಿದ್ಯುದಾಗಾರಗಳು ನಡೆಯುತ್ತಿರುವುದೂ ಆ ತತ್ತ್ವದಿಂದಲೇ.

ಇಂತಹ ವಿಜ್ಞಾನಿ ನಾಸ್ತಿಕನಾಗಿದ್ದಿರಬೇಕೆಂದು ನಾನು ಊಹಿಸಿದ್ದೆ. ಆ ಊಹೆ ತಪ್ಪಾಯಿತು. ಆತನು ಸ್ಯಾಂಡೆಮನಿಯನ್ ಎಂಬ ಚಿಕ್ಕ ಕ್ರೈಸ್ತ ಪಂಥದ ನಿಷ್ಠಾವಂತ ಸದಸ್ಯ. ಅದರ ಹಿರಿಯನಾಗಿಯೂ ಸೇವೆ ಸಲ್ಲಿಸಿದವನು. ದೇವರನ್ನೂ ಪರಲೋಕವನ್ನೂ ಮನಸಾರೆ ನಂಬಿದವನು.

1848ರಲ್ಲಿ ಅಮೆರಿಕದಲ್ಲಿ ಫಾಕ್ಸ್ ಸಹೋದರಿಯರಿಂದ ಆರಂಭವಾದ ಪ್ರೇತಸಂಭಾಷಣೆಯ ಹುಚ್ಚು 1853ರ ವೇಳೆಗೆ ಇಂಗ್ಲೆಂಡನ್ನು ವ್ಯಾಪಿಸಿತ್ತು. ಮೇಜಿನ ಸುತ್ತ ಕುಳಿತು ಕೈಗಳನ್ನಿರಿಸಿದರೆ ಮೇಜು ತಾನಾಗಿ ತಿರುಗುತ್ತಿತ್ತು. ಕೆಲವರು ಇದು ಪ್ರೇತದ ಕೆಲಸವೆಂದರು, ಕೆಲವರು ಸೈತಾನನದೆಂದರು, ಮತ್ತೆ ಕೆಲವರು ವಿದ್ಯುತ್ತೆಂದರು. ವಿದ್ಯುತ್ತಿನ ಹೆಸರು ಬಂದೊಡನೆ ಜನ ಫ್ಯಾರಡೆಯತ್ತ ತಿರುಗಿದರು.

ಆತನು ಮೇಜಿನ ಬಳಿ ಕುಳಿತವರನ್ನು ಮೋಸಗಾರರೆನ್ನಲಿಲ್ಲ. ಸತ್ಯವಂತರೆಂದು ತಾನು ಬಲ್ಲವರನ್ನೇ ಕೂಡಿಸಿದನು. ವಿದ್ಯುತ್ತಿನ ಅಥವಾ ಕಾಂತದ ಯಾವ ಕುರುಹೂ ಸಿಗಲಿಲ್ಲ. ಬಳಿಕ ಕೆಲವು ನುಣುಪಾದ ರಟ್ಟುಗಳನ್ನು ಒಂದರ ಮೇಲೊಂದಿಟ್ಟು, ನಡುನಡುವೆ ಮೆದುವಾದ ಅಂಟಿನ ಉಂಡೆಗಳನ್ನಿರಿಸಿ, ಅವುಗಳ ಅಂಚಿನ ಮೇಲೆ ಪೆನ್ಸಿಲಿನ ಗೆರೆಯೆಳೆದು ಮೇಜಿನ ಮೇಲಿಟ್ಟನು. ಎಳೆಯ ವಯಸ್ಸಿನಲ್ಲಿ ಕಲಿತ ಕಸುಬಿನ ಸಾಮಗ್ರಿಯೇ ಇಲ್ಲಿಯೂ ಒದಗಿಬಂದಿತು. ಮೇಜು ತಾನೇ ತಿರುಗಿದರೆ ಕೆಳಗಿನ ರಟ್ಟು ಮುಂದಾಗಬೇಕು, ಮೇಲಿನದು ಹಿಂದುಳಿಯಬೇಕು. ಕೈ ತಳ್ಳಿದರೆ ಮೇಲಿನದೇ ಮುಂದಾಗಬೇಕು. ಮೇಜು ತಿರುಗಿದ ಮೇಲೆ ನೋಡಿದರೆ ಮೇಲಿನ ರಟ್ಟೇ ಹೆಚ್ಚು ಸರಿದಿತ್ತು! ಕೈಗಳು ಮೊದಲು ಸರಿದಿದ್ದವು, ಮೇಜು ಅವುಗಳನ್ನು ಹಿಂಬಾಲಿಸಿತ್ತು.

ಅನಂತರ ಕೈಯ ಒತ್ತಡ ಕೊಂಚ ವಾಲಿದರೂ ತೋರಿಸುವ ಸೂಚಿಯೊಂದನ್ನು ಜೋಡಿಸಿದನು. ಸೂಚಿಯನ್ನು ಮರೆಮಾಡಿದಾಗ ಅದು ಅಲುಗುತ್ತಿತ್ತು. ಕುಳಿತವರಿಗೆ ಅದು ಕಾಣುವಂತೆ ಇಟ್ಟೊಡನೆ ಮೇಜು ನಿಶ್ಚಲವಾಯಿತು. ತಾವು ತಳ್ಳುತ್ತಿರುವುದು ತಮಗೇ ತಿಳಿದ ಕ್ಷಣ ಕೈಗಳು ಸುಮ್ಮನಾದವು. ಫ್ಯಾರಡೆ ಇದನ್ನು 1853ರ ಜೂನ್ ಜುಲೈಗಳಲ್ಲಿ ಪತ್ರಿಕೆಗಳಲ್ಲಿ ಪ್ರಕಟಿಸಿದನು. ಆದರೂ ಅನೇಕರು ಒಪ್ಪಲಿಲ್ಲ. ಜನರ ಈ ಹಟ ಆತನನ್ನು ನೋಯಿಸಿತು. ಮರುವರ್ಷ ಮನಸ್ಸಿನ ಶಿಕ್ಷಣವನ್ನು ಕುರಿತು ಉಪನ್ಯಾಸ ಮಾಡಿ, ನಾವು ಬಯಸಿದ್ದನ್ನೇ ನಂಬುವ ದೌರ್ಬಲ್ಯದ ಬಗೆಗೆ ಎಚ್ಚರಿಸಿದನು. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನಲ್ಲಿ ನಿಧನನಾದನು.

ಕಣ್ಣಿಗೆ ಕಾಣದ್ದು ಜಡವಸ್ತುವನ್ನು ಚಲಿಸಲಾರದೆಂದು ಫ್ಯಾರಡೆ ಎಂದೂ ವಾದಿಸಿದವನಲ್ಲ. ಕಾಂತದ ಸುತ್ತ ಕಾಣದ ಬಲರೇಖೆಗಳಿವೆಯೆಂದು ಹೇಳಿದವನೇ ಆತನು. ಆದರೆ ಆ ರೇಖೆಗಳು ಕಬ್ಬಿಣದ ಪುಡಿಯನ್ನು ಯಾರು ಉದುರಿಸಿದರೂ, ನಂಬುವವನು ಉದುರಿಸಿದರೂ ನಂಬದವನು ಉದುರಿಸಿದರೂ, ಒಂದೇ ಬಗೆಯಲ್ಲಿ ಜೋಡಿಸುತ್ತವೆ. ಮೇಜಿನ ಪ್ರೇತವಾದರೋ ಸೂಚಿಯನ್ನು ಕಂಡೊಡನೆ ಹೊರಟುಹೋಯಿತು. ಆತ್ಮವಿದೆಯೇ ಇಲ್ಲವೇ ಎಂಬುದನ್ನು ಆ ಪ್ರಯೋಗ ನಿರ್ಣಯಿಸಲಿಲ್ಲ. ಆ ಮೇಜನ್ನು ತಿರುಗಿಸಿದವರಾರೆಂಬುದನ್ನು ಮಾತ್ರ ನಿರ್ಣಯಿಸಿತು.

ಇನ್ನು ನನ್ನ ಲೋಟದ ಮಾತು. ಅಜ್ಜಿಯ ಮುದ್ದಿನ ಹೆಸರು ಉಳಿದ ಮೂವರಿಗೆ ತಿಳಿದಿರಲಿಲ್ಲವೆಂಬುದು ನಿಜ. ಆದರೆ ನನಗೆ ತಿಳಿದಿತ್ತು, ನನ್ನ ಬೆರಳೂ ಲೋಟದ ಮೇಲಿತ್ತು. ನಾನಿಟ್ಟ ಆಣೆ ಸುಳ್ಳಲ್ಲ, ಆದರೂ ಲೋಟವನ್ನು ನೂಕಿದವನು ನಾನೇ ಇರಬೇಕು. ಇದನ್ನು ಒಪ್ಪಿಕೊಳ್ಳುವಾಗ ಅಜ್ಜಿಯನ್ನು ಎರಡನೆಯ ಸಲ ಕಳೆದುಕೊಂಡಂತಾಯಿತು. ಆದರೆ ಆ ಹೆಸರನ್ನು ಇನ್ನೊಮ್ಮೆ ಕೇಳಬೇಕೆಂಬ ನನ್ನ ಆಸೆ ನನಗೆ ಅರಿವಿಲ್ಲದೆಯೇ ಬೆರಳತುದಿಗೆ ಇಳಿದುಬಂದಿತೆಂದರೆ, ಅದೂ ಅಜ್ಜಿ ನನ್ನಲ್ಲಿ ಬಿಟ್ಟುಹೋದ ಪ್ರೀತಿಯ ಫಲವೇ ಅಲ್ಲವೆ?