ಯಲ್ಲಾಪ್ರಗಡ ಸುಬ್ಬರಾವ್: ವಿಟಮಿನ್ನಿನ ಜಾಡಿನಲ್ಲಿ ಸಿಕ್ಕ ಕೀಲುವಾತದ ಮದ್ದು

ರುಮಟಾಯ್ಡ್ ಕೀಲುವಾತ ಇರುವವರ ಔಷಧ ಚೀಟಿಯಲ್ಲಿ ಬಹಳ ಸಲ ಎರಡು ಹೆಸರು ಜೊತೆಯಲ್ಲೇ ಇರುತ್ತವೆ: ಮೆಥೊಟ್ರೆಕ್ಸೇಟ್ ಮತ್ತು ಫೋಲಿಕ್ ಆಮ್ಲ. ಎರಡರ ಕಥೆಯಲ್ಲೂ ಡಾ. ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ.

1895ರ ಜನವರಿ 12ರಂದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಅವರು ಮೆಟ್ರಿಕ್ ಪಾಸಾದದ್ದು ಮೂರನೇ ಸಲಕ್ಕೆ. ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿ ತೊಟ್ಟು ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾದರು, ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಸಿಕ್ಕಿತು. 1922ರಲ್ಲಿ ಮಾವನವರ ನೆರವಿನಿಂದ ಬಾಸ್ಟನ್‌ಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ, ರೋಗಿಗಳ ಮಲಪಾತ್ರೆ ತೊಳೆಯುವ ಕೆಲಸ. ಊರಲ್ಲಿ ಬಿಟ್ಟುಬಂದ ಹೆಂಡತಿಯನ್ನು ಮತ್ತೆ ನೋಡಲೇ ಇಲ್ಲ.

ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆ ರಂಜಕ ಅಳೆಯುವ ವಿಧಾನ ಕಂಡುಹಿಡಿದರು. ಸ್ನಾಯುಗಳಲ್ಲಿನ ಫಾಸ್ಫೊಕ್ರಿಯಾಟಿನ್, ನಾವು ಪಾಠದಲ್ಲಿ ಓದುವ ಎಟಿಪಿ, ಎರಡರ ಶೋಧದಲ್ಲೂ ಅವರ ಪಾಲಿದೆ. ಆದರೂ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಕಂಪನಿ ಸೇರಿದರು.

ಅಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಲ್ಯಾಟಿನ್ನಿನಲ್ಲಿ ಎಲೆಗಿರುವ ಪದದಿಂದ ಬಂದ ಹೆಸರಿದು, ಎಚ್.ಡಿ. ಕೋಟೆ ಕಡೆಯ ಬೆರಕೆ ಸೊಪ್ಪಿನ ಸಾರಿನಲ್ಲೂ ಇದೇ ವಿಟಮಿನ್ ಇದೆ. ಹೈಸ್ಕೂಲಿನಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲೂ ಇದೆ. ಸಹೋದರರನ್ನು ಕೊಂದ ಸ್ಪ್ರೂಗೂ ಅದು ಮದ್ದಾಯಿತು, ಅವರ ಪಾಲಿಗೆ ತಡವಾಗಿ.

ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಫೋಲಿಕ್ ಆಮ್ಲ ಕೊಟ್ಟಾಗ ರೋಗ ಉಲ್ಬಣಿಸಿದಂತೆ ಡಾ. ಸಿಡ್ನಿ ಫಾರ್ಬರ್‌ಗೆ ಕಂಡಿತು. ಹಾಗಾದರೆ ಅದರ ವಿರೋಧಿ ಬೇಕು. ಸುಬ್ಬರಾವ್ ತಂಡ ಅಮಿನಾಪ್ಟೆರಿನ್, ಆಮೇಲೆ ಮೆಥೊಟ್ರೆಕ್ಸೇಟ್ ತಯಾರಿಸಿತು. ನೋಡಲು ವಿಟಮಿನ್ನಿನಂತೆಯೇ ಇದ್ದು ಅದರ ಕೆಲಸಕ್ಕೆ ಅಡ್ಡ ಬರುವ ವಸ್ತುಗಳು ಇವು.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಈ ರೋಗಕ್ಕೆ ಅಮಿನಾಪ್ಟೆರಿನ್ ನೆರವಾಗುವ ವರದಿ ಬಂದದ್ದು 1951ರಲ್ಲಿ. ಈ ರೋಗಕ್ಕೆ ಮೆಥೊಟ್ರೆಕ್ಸೇಟ್ ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ.

ಫೋಲಿಕ್ ಆಮ್ಲವೊಂದರಿಂದಲೇ ಕೀಲುವಾತ ವಾಸಿಯಾಗದು. ಮೆಥೊಟ್ರೆಕ್ಸೇಟ್‌ನಿಂದಾಗುವ ಬಾಯಿಹುಣ್ಣು, ವಾಕರಿಕೆ ತಗ್ಗಿಸಲು ಅದನ್ನು ಕೊಡುತ್ತಾರೆ. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೆ ಒಂದೇ ದಿನ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಚೀಟಿ ಓದಲು ಬಾರದ ಅಜ್ಜಿಯರಿದ್ದರೆ, ಆ ದಿನ ಯಾವುದೆಂದು ನಾವೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡಬಹುದು.