ಸೀಸೆ ತೊಳೆದ ಹುಡುಗ, ತುಕ್ಕು ಹಿಡಿಯದ ಉಕ್ಕು

ಹೋಟೆಲಿನ ಹಿಂಗೋಣೆಯಲ್ಲಿ ರಾಶಿ ಬಿದ್ದ ಸ್ಟೀಲಿನ ಲೋಟ ಬಟ್ಟಲುಗಳನ್ನು ದಿನವೂ ತೊಳೆದಿಡುವ ನಮ್ಮವರಿಗೆ ಆ ಲೋಹದ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಹಿತ್ತಾಳೆಯ ಪಾತ್ರೆಗೆ ಕಾಲಕಾಲಕ್ಕೆ ಕಲಾಯಿ ಹಾಕಿಸದಿದ್ದರೆ ಹುಳಿ ಮಜ್ಜಿಗೆಗಳು ಕಿಲುಬಿ ಹೋಗುತ್ತಿದ್ದ ಕಾಲವನ್ನು ಹಿರಿಯರು ಇಂದಿಗೂ ನೆನೆಯುವುದುಂಟು. ಆ ಕಷ್ಟವನ್ನು ನೀಗಿಸಿದ ತುಕ್ಕುರಹಿತ ಉಕ್ಕಿನ ಕುಲವೇ ಇಂದು ಮೋಟಾರು ವಾಹನಗಳ ಹೊಗೆಯನ್ನು ಹೊರದೂಡುವ ಸೈಲೆನ್ಸರ್ ಕೊಳವೆಗಳಲ್ಲಿಯೂ ಸೇರಿಕೊಂಡಿದೆ. ತನ್ನ ವಾಹನಕ್ಕೆ ತಾನೇ ಸೈಲೆನ್ಸರ್ ಕಟ್ಟಿಕೊಳ್ಳಲು ಹೊರಟವನು ಸ್ಟೇನ್‌ಲೆಸ್ ಕೊಳವೆಯನ್ನು ಸಾದಾ ಕಬ್ಬಿಣದ ತುಂಡಿಗೆ ಬೆಸೆಯುವಾಗ, ಈ ಉಕ್ಕಿನ ಗುಣವನ್ನೂ ಹಟವನ್ನೂ ಒಟ್ಟಿಗೆ ಕಾಣುತ್ತಾನೆ. ಈ ಉಕ್ಕನ್ನು ಪ್ರಯೋಗಶಾಲೆಯಿಂದ ಬಳಕೆಗೆ ತಂದವರಲ್ಲಿ ಅಗ್ರಗಣ್ಯನಾದ ಹ್ಯಾರಿ ಬ್ರಿಯರ್ಲಿಯ ಜೀವನವನ್ನು ನಾವು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಬ್ರಿಯರ್ಲಿಯು 1871ರ ಫೆಬ್ರವರಿ 18ರಂದು ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಜನಿಸಿದನು. ಚೂರಿ ಕತ್ತರಿಗಳಿಗೂ ಉಕ್ಕಿಗೂ ಲೋಕಪ್ರಸಿದ್ಧವಾದ ಊರದು. ತಂದೆ ಮೂಸೆಯಲ್ಲಿ ಉಕ್ಕು ಕರಗಿಸುವ ಕೆಲಸಗಾರ. ತಾಯಿ ಕಮ್ಮಾರನ ಮಗಳು. ಮನೆಯಲ್ಲಿ ಮಕ್ಕಳು ಅನೇಕ, ವರಮಾನ ಅಲ್ಪ. ಹನ್ನೆರಡನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟ ಬಾಲಕನು ತಂದೆ ದುಡಿಯುತ್ತಿದ್ದ ಥಾಮಸ್ ಫರ್ತ್ ಕಂಪೆನಿಯ ಕಾರ್ಖಾನೆಯನ್ನು ಸೇರಿದನು. ಅಲ್ಲಿಂದ ಅವನನ್ನು ರಸಾಯನ ಪ್ರಯೋಗಶಾಲೆಗೆ ಕಳುಹಿಸಲಾಯಿತು. ಅಲ್ಲಿ ಅವನಿಗೆ ಒದಗಿದ ಕೆಲಸವೆಂದರೆ ಸೀಸೆಗಳನ್ನು ತೊಳೆಯುವುದು.

ಎಂಜಲು ಲೋಟವಾಗಲಿ ಆಮ್ಲದ ಸೀಸೆಯಾಗಲಿ, ತೊಳೆಯುವವನ ಕೈ ಒದ್ದೆಯಾಗಿರುವುದು ಒಂದೇ ಬಗೆ. ಆದರೆ ಈ ಹುಡುಗನು ಸೀಸೆಯಲ್ಲಿ ಏನಿತ್ತು, ಏಕಿತ್ತು ಎಂಬುದನ್ನೂ ಗಮನಿಸುತ್ತಿದ್ದನು. ಪ್ರಯೋಗಶಾಲೆಯ ಮುಖ್ಯಸ್ಥ ಜೇಮ್ಸ್ ಟೇಲರನು ಅವನ ಆಸಕ್ತಿಯನ್ನು ಗುರುತಿಸಿ ಓದಿಗೆ ಪ್ರೋತ್ಸಾಹ ಕೊಟ್ಟನು. ಹಗಲು ದುಡಿಮೆ, ಸಂಜೆ ತರಗತಿ, ರಾತ್ರಿ ಪುಸ್ತಕ: ಹೀಗೆ ವರ್ಷಗಳು ಸಂದುವು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಎಂದೂ ಏರದವನು ಉಕ್ಕಿನ ವಿಶ್ಲೇಷಣೆಯಲ್ಲಿ ನಿಪುಣನೆನಿಸಿದನು; ವೃತ್ತಿಪತ್ರಿಕೆಗಳಲ್ಲಿ ಲೇಖನಗಳನ್ನು ಬರೆದನು. ನಮ್ಮ ಮುಂಬಯಿ ಪುಣೆಗಳಲ್ಲಿ ಹೋಟೆಲಿನ ದುಡಿಮೆ ಮುಗಿಸಿ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತ ಎಷ್ಟೋ ಹುಡುಗರಿಗೆ ಈ ಭಾಗವು ಪರದೇಶದ ಕಥೆಯೆಂದು ತೋರಲಾರದು.

ಮುಂದೆ ಕಂಪೆನಿಯು ಅವನನ್ನು ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ರೀಗಾ ನಗರದ ತನ್ನ ಕಾರ್ಖಾನೆಗೆ ಕಳುಹಿಸಿತು. ಸ್ವದೇಶಕ್ಕೆ ಮರಳಿದ ಬಳಿಕ, 1908ರಲ್ಲಿ, ಫರ್ತ್ ಮತ್ತು ಜಾನ್ ಬ್ರೌನ್ ಕಂಪೆನಿಗಳು ಒಟ್ಟಾಗಿ ಸ್ಥಾಪಿಸಿದ ಬ್ರೌನ್‌ಫರ್ತ್ ಸಂಶೋಧನಾಲಯಕ್ಕೆ ಅವನೇ ಮುಖ್ಯಸ್ಥನಾದನು. ಸೀಸೆ ತೊಳೆದವನು ಸಂಶೋಧನಾಲಯದ ಯಜಮಾನಿಕೆಗೆ ಬಂದನು.

1912ರಲ್ಲಿ ಅವನ ಮುಂದೆ ಬಂದ ಪ್ರಶ್ನೆ ಬಂದೂಕಿನದು. ಗುಂಡು ಹಾರಿದಂತೆಲ್ಲ ಕಾದ ಅನಿಲದ ಹೊಡೆತಕ್ಕೆ ನಳಿಗೆಯ ಒಳಮೈ ಸವೆದುಹೋಗುತ್ತಿತ್ತು. ಕ್ರೋಮಿಯಂ ಬೆರೆತ ಉಕ್ಕು ಹೆಚ್ಚು ಶಾಖಕ್ಕೆ ಕರಗುವುದೆಂದು ಬಲ್ಲ ಬ್ರಿಯರ್ಲಿಯು ಬಗೆಬಗೆಯ ಪ್ರಮಾಣಗಳಲ್ಲಿ ಅದನ್ನು ಬೆರೆಸಿ ಪರೀಕ್ಷಿಸತೊಡಗಿದನು. 1913ರ ಆಗಸ್ಟ್ 13ರಂದು ಎರಕ ಹೊಯ್ದ ಉಕ್ಕಿನಲ್ಲಿ ನೂರಕ್ಕೆ 12.8 ಭಾಗ ಕ್ರೋಮಿಯಮ್ಮೂ 0.24 ಭಾಗ ಇಂಗಾಲವೂ ಇದ್ದವು. ಸೂಕ್ಷ್ಮದರ್ಶಕದಲ್ಲಿ ಉಕ್ಕಿನ ಕಣರಚನೆಯನ್ನು ನೋಡಬೇಕಾದರೆ, ನಯಗೊಳಿಸಿದ ಅದರ ಮೈಯನ್ನು ಆಮ್ಲದಿಂದ ಕೊಂಚ ತಿನ್ನಿಸಬೇಕು. ನೈಟ್ರಿಕ್ ಆಮ್ಲ ಬೆರೆತ ಮದ್ಯಸಾರವು ಈ ತುಂಡನ್ನು ತಿನ್ನಲೊಲ್ಲದಾಯಿತು. ಪರೀಕ್ಷೆಗೆ ಒಗ್ಗದ ತುಂಡೆಂದು ಅದನ್ನು ಬದಿಗಿಡುವುದು ಸುಲಭವಾಗಿತ್ತು. ಆದರೆ ಚೂರಿಗಳ ಊರಿನಲ್ಲಿ ಬೆಳೆದವನಿಗೆ ಆಮ್ಲಕ್ಕೆ ಮಣಿಯದ ಉಕ್ಕಿನ ಬೆಲೆ ಹೊಳೆಯಿತು. ವಿನಿಗರ್, ನಿಂಬೆರಸಗಳನ್ನು ಸವರಿ ನೋಡಿದನು, ಕಲೆ ಬೀಳಲಿಲ್ಲ.

ಇದರ ಗುಟ್ಟು ಇಷ್ಟೇ: ಉಕ್ಕಿನಲ್ಲಿ ನೂರಕ್ಕೆ ಸುಮಾರು ಹನ್ನೊಂದು ಭಾಗದಷ್ಟು ಕ್ರೋಮಿಯಂ ಸೇರಿದರೆ, ಗಾಳಿಯ ಆಮ್ಲಜನಕದೊಡನೆ ಕೂಡಿ ಅದು ಕಣ್ಣಿಗೆ ಕಾಣದ ತೆಳುವಾದ ಪೊರೆಯೊಂದನ್ನು ಉಕ್ಕಿನ ಮೇಲೆ ಹೊದಿಸುತ್ತದೆ. ಗೀರು ಬಿದ್ದರೆ ಆ ಪೊರೆ ತಾನಾಗಿಯೇ ಮತ್ತೆ ಕೂಡಿಕೊಳ್ಳುತ್ತದೆ.

ಆದರೆ ಕಂಡುಹಿಡಿದ ಮಾತ್ರಕ್ಕೆ ಕಾರ್ಯ ಕೈಗೂಡಲಿಲ್ಲ. ಊಟದ ಚೂರಿಗೆ ಈ ಉಕ್ಕು ಯೋಗ್ಯವೆಂಬ ಅವನ ಸಲಹೆಗೆ ಕಂಪೆನಿಯ ಹಿರಿಯರು ಕಿವಿಗೊಡಲಿಲ್ಲ. ಮೊದಲು ಪ್ರಯತ್ನಿಸಿದ ಚೂರಿಗಾರರು ಹಳೆಯ ವಾಡಿಕೆಯಂತೆ ಕಾಯಿಸಿ ಬಡಿದು ಸೋತರು. ಕೊಯ್ಯದ ಚೂರಿಯನ್ನು ಕಂಡುಹಿಡಿದವನೆಂದು ಅವನನ್ನು ಗೇಲಿ ಮಾಡಿದರು. ಕೊನೆಗೆ ಮೋಸ್ಲಿ ಎಂಬವರ ಚೂರಿ ಕಾರ್ಖಾನೆಯ ಅರ್ನೆಸ್ಟ್ ಸ್ಟೂಅರ್ಟನು ಮನಸ್ಸು ಮಾಡಿದನು. ಬ್ರಿಯರ್ಲಿಯು ಕುಲುಮೆಯ ಬಳಿ ತಾನೇ ನಿಂತು ಶಾಖದ ಹದವನ್ನು ತೋರಿಸಿಕೊಟ್ಟ ಮೇಲೆ ಚೂರಿಗಳು ಸರಿಯಾಗಿ ಬಂದವು. ತುಕ್ಕಿಲ್ಲದ ಉಕ್ಕೆಂದು ಬ್ರಿಯರ್ಲಿ ಕರೆದುದನ್ನು ಕಲೆಯಿಲ್ಲದ ಉಕ್ಕೆಂದು ಕರೆದವನು ಸ್ಟೂಅರ್ಟನೇ. ಆ ಹೆಸರೇ ಲೋಕದಲ್ಲಿ ನಿಂತಿತು.

ಸರಕು ಗೆದ್ದೊಡನೆ ಹಕ್ಕಿನ ವ್ಯಾಜ್ಯ ಹುಟ್ಟಿತು. ಶೋಧವು ತಮ್ಮದೆಂದು ಕಂಪೆನಿಯವರ ನಿಲುವು. ತನ್ನ ಪಾಲೂ ತನ್ನ ಹೆಸರೂ ಅದಕ್ಕೆ ಸಲ್ಲಬೇಕೆಂದು ಬ್ರಿಯರ್ಲಿಯ ವಾದ. ಮಾತು ಮುರಿಯಿತು. ಬಾಲ್ಯದಿಂದ ದುಡಿದ ಸಂಸ್ಥೆಯ ಹೊಸ್ತಿಲನ್ನು ದಾಟಿ ಅವನು ಹೊರಬಂದನು. 1915ರಲ್ಲಿ ಅದೇ ನಗರದ ಬ್ರೌನ್ ಬೇಲಿ ಕಾರ್ಖಾನೆಯನ್ನು ಸೇರಿದನು. 1916ರಲ್ಲಿ ಅಮೆರಿಕೆಯ ಪೇಟೆಂಟ್ ಅವನ ಹೆಸರಿಗೆ ದೊರೆಯಿತು. ತರುವಾಯ ಉಭಯ ಪಕ್ಷದವರೂ ರಾಜಿಯಾಗಿ, ಇಬ್ಬರ ಹೆಸರನ್ನೂ ಹೊತ್ತ ಫರ್ತ್ ಬ್ರಿಯರ್ಲಿ ಕೂಟವನ್ನು ಸ್ಥಾಪಿಸಿದರು.

ನ್ಯಾಯದೃಷ್ಟಿಯಿಂದ ಇನ್ನೊಂದು ಮಾತನ್ನೂ ನಾವು ಹೇಳಲೇಬೇಕು. ಈ ಕೀರ್ತಿ ಅವನೊಬ್ಬನದಲ್ಲ. ಫ್ರಾನ್ಸಿನ ಗಿಯೆ ಇಂತಹ ಮಿಶ್ರಣಗಳನ್ನು ಮೊದಲೇ ಅಭ್ಯಸಿಸಿದ್ದನು; ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಸ್ಟ್ರೌಸ್ ಮತ್ತು ಮೌರರ್ 1912ರಲ್ಲಿ ಕ್ರೋಮಿಯಮ್ಮಿನೊಡನೆ ನಿಕ್ಕಲನ್ನೂ ಬೆರೆಸಿದ್ದರು; ಅಮೆರಿಕೆಯಲ್ಲಿ ಹೇನ್ಸನು ಇದೇ ಹಾದಿಯಲ್ಲಿದ್ದನು. ಇಂದಿನ ನಮ್ಮ ಲೋಟಗಳಲ್ಲಿ ಬಹುಪಾಲು ನಿಕ್ಕಲ್ ಬೆರೆತ ಆ ಶಾಖೆಯ ಸಂತತಿಯವೇ. ಬ್ರಿಯರ್ಲಿಯ ಹೆಚ್ಚುಗಾರಿಕೆ ಪ್ರಯೋಗಶಾಲೆಯ ತುಂಡನ್ನು ಜನರ ಊಟದ ಮೇಜಿಗೆ ತಂದುದರಲ್ಲಿದೆ.

ಮೊದಲನೆಯ ಮಹಾಯುದ್ಧದಲ್ಲಿ ಚೂರಿಗಳ ತಯಾರಿಕೆ ನಿಂತು, ಈ ಉಕ್ಕು ವಿಮಾನದ ಎಂಜಿನುಗಳ ಪಾಲಾಯಿತು. ಉರಿದ ಅನಿಲವು ಕೆಂಪಗೆ ಕಾದು ಹೊರನುಗ್ಗುವ ಬಾಗಿಲಲ್ಲಿರುವ ಎಕ್ಸಾಸ್ಟ್ ವಾಲ್ವುಗಳನ್ನು ಇದರಿಂದ ಮಾಡಿದರು. ಹೊಗೆಯ ದಾರಿಗೂ ಈ ಉಕ್ಕಿಗೂ ನಂಟು ಬೆಳೆದದ್ದು ಹೀಗೆ. ದಶಕಗಳ ತರುವಾಯ ಇಂಗಾಲವನ್ನು ಬಹಳ ತಗ್ಗಿಸಿದ, ಸುಮಾರು ಹನ್ನೊಂದು ಭಾಗ ಕ್ರೋಮಿಯಮ್ಮಿನ 409 ಎಂಬ ಉಕ್ಕು ಕಾರುಗಳ ಸೈಲೆನ್ಸರಿಗೆಂದೇ ಬಂದಿತು.

ಇಲ್ಲಿಯೇ ನಾವು ಆರಂಭದಲ್ಲಿ ಹೇಳಿದ ಬೆಸುಗೆಯ ಮಾತು ಬರುತ್ತದೆ. ನಿಕ್ಕಲ್ ಬೆರೆತ ಸ್ಟೇನ್‌ಲೆಸ್ ಕೊಳವೆ ಕಾದಾಗ ಸಾದಾ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಶಾಖವನ್ನು ಮಾತ್ರ ನಿಧಾನವಾಗಿ ಸಾಗಿಸುತ್ತದೆ. ಕಬ್ಬಿಣದ ಸಾದಾ ವೆಲ್ಡಿಂಗ್ ಕಡ್ಡಿಯಿಂದ ಎರಡನ್ನೂ ಬೆಸೆದರೆ, ಕರಗಿದ ಲೋಹಗಳು ಬೆರೆತು ಗಡುಸಾಗಿ, ಎಂಜಿನಿನ ನಡುಕಕ್ಕೆ ಸೀಳು ಬಿಡುತ್ತವೆ. ಆದಕಾರಣ ಬಲ್ಲವರು 309 ಸಂಖ್ಯೆಯ ಕಡ್ಡಿಯನ್ನು ಬಳಸುತ್ತಾರೆ. ಅದರಲ್ಲಿ ಕ್ರೋಮಿಯಂ 23ರಿಂದ 25 ಭಾಗ, ನಿಕ್ಕಲ್ 12ರಿಂದ 14 ಭಾಗ. ಕಬ್ಬಿಣ ಬಂದು ಬೆರೆತು ತೆಳುವಾದ ಮೇಲೂ ಬೆಸುಗೆ ಬಗ್ಗುವ ಗುಣವನ್ನು ಉಳಿಸಿಕೊಳ್ಳುವುದು. ಕಬ್ಬಿಣಕ್ಕೆ ಸತುವಿನ ಲೇಪವಿದ್ದರೆ ಮೊದಲು ಅದನ್ನು ಉಜ್ಜಿ ತೆಗೆಯಬೇಕು. ಸತುವಿನ ಹೊಗೆ ಬೆಸೆಯುವವನಿಗೂ ಕೇಡು, ಬೆಸುಗೆಗೂ ಕೇಡು. ಮುಗಿದ ಮೇಲೆ ಕಬ್ಬಿಣದ ಕಡೆಗೆ ಶಾಖ ತಾಳುವ ಬಣ್ಣ ಬಳಿಯುವುದೂ ಅವಶ್ಯ. ತುಕ್ಕು ಮೊದಲು ಕಾಣಿಸುವುದು ಅಲ್ಲಿಯೇ.

ಬ್ರಿಯರ್ಲಿಗೆ 1920ರಲ್ಲಿ ಲೋಹವಿದ್ಯೆಯ ಉನ್ನತ ಗೌರವವಾದ ಬೆಸೆಮರ್ ಚಿನ್ನದ ಪದಕ ಸಂದಿತು. 1941ರಲ್ಲಿ ಅವನು ತನ್ನ ಗಳಿಕೆಯಿಂದ ಫ್ರೆಷ್‌ಗೇಟ್ ಎಂಬ ಧರ್ಮನಿಧಿಯನ್ನು ಸ್ಥಾಪಿಸಿದನು. ತಾನು ಹುಟ್ಟಿದ ಓಣಿಯ ಬಡತನವನ್ನು ಅವನು ಮರೆತಿರಲಿಲ್ಲ. 1948ರ ಜುಲೈ 14ರಂದು ಟಾರ್ಕೀ ಎಂಬ ಕಡಲತೀರದ ಊರಿನಲ್ಲಿ ತನ್ನ 77ನೆಯ ವಯಸ್ಸಿನಲ್ಲಿ ನಿಧನ ಹೊಂದಿದನು.

ಕುಲುಮೆಯ ಕೂಲಿಯ ಅನುಭವವೂ ಪ್ರಯೋಗಶಾಲೆಯ ವಿದ್ಯೆಯೂ ಸುಲಭವಾಗಿ ಬೆಸೆದುಕೊಳ್ಳುವ ಲೋಹಗಳಲ್ಲ. ಬ್ರಿಯರ್ಲಿಯಲ್ಲಿ ಅವೆರಡೂ ಒಂದಾದವು. ತೊಳೆಯುವ ತೊಟ್ಟಿಯ ಬಳಿ ನಿಂತವನ ಕಣ್ಣು ತೆರೆದಿದ್ದರೆ ಅದೂ ವಿದ್ಯಾಲಯವೇ ಎಂಬುದನ್ನೂ, ಮಾಡಿದ ಕೆಲಸದ ಮೇಲಿನ ತನ್ನ ಹಕ್ಕನ್ನು ಕೇಳುವುದು ಅವಿನಯವಲ್ಲವೆಂಬುದನ್ನೂ ಈ ಜೀವನವು ನಮಗೆ ತಿಳಿಸುತ್ತದೆ. ನಾಳೆ ಬೆಳಿಗ್ಗೆ ತೊಳೆದ ಲೋಟವನ್ನು ಬೋರಲು ಹಾಕುವಾಗ, ಸೀಸೆ ತೊಳೆದ ಆ ಹುಡುಗನನ್ನು ನಮ್ಮ ವಾಚಕರು ಒಮ್ಮೆ ನೆನೆದರೆ ನಮ್ಮ ಬರಹ ಸಾರ್ಥಕ.